ಸೇವೆಯೋ ಕಸುಬೋ: ನಾಗಪುರದ ಒಂದು ಹೆರಿಗೆಮನೆಯಿಂದ ಹೊರಟ ಯೋಚನೆಗಳು

ನಾಗಪುರದ ನಡುವಿನಲ್ಲಿರುವ ಸೀತಾಬರ್ಡಿಯನ್ನು ಇತಿಹಾಸದ ಪುಸ್ತಕಗಳು ನೆನೆಯುವುದು 1817ರ ಯುದ್ಧಕ್ಕಾಗಿ. ಭೋಸಲೆಯವರ ಸೈನ್ಯಕ್ಕೂ ಈಸ್ಟ್ ಇಂಡಿಯಾ ಕಂಪನಿಯ ಪಡೆಗೂ ಆ ಗುಡ್ಡಗಳ ಮೇಲೆ ನಡೆದ ಕಾಳಗ ಮಧ್ಯಭಾರತದ ಭವಿಷ್ಯವನ್ನೇ ತಿರುಗಿಸಿತು. ಆದರೆ ಈ ಊರಿನ ಹಳೆಯ ಮನೆತನಗಳ ಹೆಂಗಸರಿಗೆ ಸೀತಾಬರ್ಡಿ ಎಂದೊಡನೆ ನೆನಪಾಗುವುದು ಕೋಟೆಯಲ್ಲ, ಒಂದು ಹೆರಿಗೆಮನೆ. 1921ರಲ್ಲಿ ಕೆಲವೇ ಹಾಸಿಗೆಗಳೊಡನೆ ಅಲ್ಲಿ ಆರಂಭವಾದ ಮಾತೃ ಸೇವಾ ಸಂಘದಲ್ಲಿ ಹುಟ್ಟಿದವರು, ಅಲ್ಲಿ ಹುಟ್ಟಿದವರ ಮಕ್ಕಳು, ಮೊಮ್ಮಕ್ಕಳು ಈ ನಗರದ ತುಂಬ ಇದ್ದಾರೆ. ಅದನ್ನು ಕಟ್ಟಿದವರು ಇಬ್ಬರು ಹೆಂಗಸರು: ವೇಣುತಾಯಿ ನೇನೆ ಮತ್ತು ಕಮಲಾಬಾಯಿ ಹೊಸಪೇಟ್. ಎರಡನೆಯ ಹೆಸರು ಮರಾಠಿ ನಾಲಗೆಯಲ್ಲಿ ಎಷ್ಟೇ ಬದಲಾಗಿ ಬಂದರೂ ಕನ್ನಡದ ಕಿವಿ ನಿಮಿರದೆ ಇರದು. ತುಂಗಭದ್ರೆಯ ದಂಡೆಯ ಊರೊಂದರ ಹೆಸರನ್ನು ಹೊತ್ತು ವಿದರ್ಭದ ಬಾಣಂತಿಯರ ನಡುವೆ ಬದುಕು ಸವೆಸಿದ ಈ ಹೆಂಗಸಿನ ಕಥೆಯನ್ನು ಮುಂದಿಟ್ಟುಕೊಂಡು, ನಮ್ಮ ಕಾಲದ ಒಂದು ಪ್ರಶ್ನೆಯನ್ನು ಕೇಳಿಕೊಳ್ಳುವುದು ಈ ಬರಹದ ಉದ್ದೇಶ. ಆರೈಕೆಯ ಕೆಲಸಕ್ಕೆ ಬರುವವರು ಯಾರು, ಏಕೆ ಬರುತ್ತಾರೆ, ಏಕೆ ಬರುವುದಿಲ್ಲ?

ಪ್ರಶ್ನೆ ಹೊಸದಲ್ಲ. ಆದರೆ ಇತ್ತೀಚೆಗೆ ಅದಕ್ಕೊಂದು ತುರ್ತು ಬಂದಿದೆ. ನಲವತ್ತು ದಾಟಿದ ನನ್ನಂಥ ನೌಕರದಾರರ ಮಾತುಕತೆ ಯಾವ ಕಚೇರಿಯ ಊಟದ ಹೊತ್ತಿನಲ್ಲಿಯೂ ಎರಡೇ ವಿಷಯಗಳ ಸುತ್ತ ತಿರುಗುತ್ತದೆ: ಮಕ್ಕಳ ಓದು ಮತ್ತು ಹೆತ್ತವರ ಮುಪ್ಪು. ಮೊದಲನೆಯದರಲ್ಲಿ ಎಂಜಿನಿಯರಿಂಗ್, ನೀಟ್, ವಿದೇಶದ ಎಂ.ಎಸ್. ಬರುತ್ತವೆ, ಎರಡನೆಯದರಲ್ಲಿ ಮನೆಗೆ ಬಂದು ನೋಡಿಕೊಳ್ಳುವ ಆಯಾ ಸಿಗುತ್ತಿಲ್ಲ, ಸಿಕ್ಕವರು ನಿಲ್ಲುತ್ತಿಲ್ಲ ಎಂಬ ಅಳಲು. ಇವೆರಡು ಮಾತುಗಳ ನಡುವೆ ಸಂಬಂಧವಿದೆ ಎಂಬುದು ಮಾತ್ರ ಯಾರಿಗೂ ತೋಚುವುದಿಲ್ಲ. ನಮ್ಮ ಮಕ್ಕಳು ಯಾವ ಕೆಲಸಕ್ಕೆ ಹೋಗಬಾರದೆಂದು ನಾವು ಬಯಸುತ್ತೇವೆಯೋ, ಆ ಕೆಲಸಕ್ಕೆ ಬೇರೆಯವರ ಮಕ್ಕಳು ಬರುತ್ತಿಲ್ಲವೆಂದು ಕೊರಗುತ್ತೇವೆ. ಕೊನೆಗೆ ಎಲ್ಲರೂ ಒಪ್ಪುವ ತೀರ್ಪು ಒಂದೇ: ಈಗಿನ ಹುಡುಗರಲ್ಲಿ ಸೇವಾ ಮನೋಭಾವ ಉಳಿದಿಲ್ಲ.

ಹಾಗಾದರೆ ಹಿಂದೆ ಇತ್ತೆ? ಇದ್ದುದು ಯಾರಲ್ಲಿ?

ಮಾತಿನಿಂದಲೇ ಆರಂಭಿಸಬಹುದು. ಕನ್ನಡದ 'ಆರೈಕೆ' ಎಂಬ ಪದ 'ಆರಯ್' ಎಂಬ ಹಳೆಯ ಧಾತುವಿನಿಂದ ಬಂದದ್ದು. ಅದಕ್ಕೆ ಹುಡುಕು, ವಿಚಾರಿಸು, ಗಮನಿಸಿ ನೋಡು ಎಂಬ ಅರ್ಥಗಳಿವೆ. ಸಂಸ್ಕೃತದ 'ಶುಶ್ರೂಷೆ' ಎಂಬುದರ ಮೂಲಾರ್ಥ ಕೇಳುವ ಇಚ್ಛೆ. ಎರಡೂ ಮಾತುಗಳು ಆರೈಕೆಯನ್ನು ಕೈಗೆಲಸ ಎನ್ನುವುದಕ್ಕಿಂತ ಮೊದಲು ಗಮನದ ಕೆಲಸ ಎಂದು ತಿಳಿದಿವೆ. ತಂದೆತಾಯಿಯರನ್ನು ಹೆಗಲ ಮೇಲೆ ಹೊತ್ತ ಶ್ರವಣನ ಹೆಸರೂ ಅದೇ ಧಾತುವಿನದು. ಆದರೆ ಭಾಷೆ ಕೊಟ್ಟ ಈ ಗೌರವವನ್ನು ಸಮಾಜ ಕೊಡಲಿಲ್ಲ. ಹೆರಿಗೆ ಮೈಲಿಗೆ, ಕೀವು ನೆತ್ತರು ಮೈಲಿಗೆ, ಮಲಮೂತ್ರ ಮೈಲಿಗೆ. ಇವನ್ನು ಮುಟ್ಟುವ ಕೈಯೂ ಮೈಲಿಗೆ. ದಕ್ಷಿಣದ ಹಲವು ಕಡೆ ಸೂಲಗಿತ್ತಿಯ ಕೆಲಸ ಕ್ಷೌರಿಕ ಸಮುದಾಯದ ಹೆಂಗಸರ ಪಾಲಿಗೆ ಬಿದ್ದಿತ್ತು. ಉತ್ತರದಲ್ಲಿ ಹೊಕ್ಕುಳಬಳ್ಳಿ ಕತ್ತರಿಸುವ ದಾಯಿ ಅಸ್ಪೃಶ್ಯ ಜಾತಿಗಳಿಂದ ಬರಬೇಕಿತ್ತು. ಮಗುವನ್ನು ಲೋಕಕ್ಕೆ ತಂದವಳಿಗೆ ಹಳೆಯ ಸೀರೆ, ಒಂದಿಷ್ಟು ಧಾನ್ಯ. ಮಗುವಿನ ನಾಮಕರಣದ ಪಂಕ್ತಿಯಲ್ಲಿ ಅವಳಿಗೆ ಎಲೆಯಿಲ್ಲ. ಮನೆಯೊಳಗಿನ ರೋಗಿಯನ್ನು ನೋಡಿಕೊಳ್ಳುವ ಹೊಣೆ ಸೊಸೆಯದು. ಮನೆಯಲ್ಲಿ ವಿಧವೆಯಿದ್ದರೆ ಅವಳದು. ಶ್ರವಣನ ಕಥೆಯನ್ನು ಹೇಳಿ ಮಗನನ್ನು ಹೊಗಳುತ್ತಿದ್ದ ಮನೆಗಳಲ್ಲಿಯೂ ಮುದುಕರ ಬಟ್ಟೆ ಒಗೆಯುತ್ತಿದ್ದ ಕೈ ಮಗನದಾಗಿರಲಿಲ್ಲ.

ಇದು ನಮ್ಮ ದೇಶದ್ದಷ್ಟೇ ಕಥೆಯಲ್ಲ. ಇಂಗ್ಲಿಷ್ ಸಾಹಿತ್ಯ ಓದಿದವರು ಡಿಕನ್ಸ್‌ನ 'ಮಾರ್ಟಿನ್ ಚಜಲ್ವಿಟ್' ಕಾದಂಬರಿಯ ಸೇರಿ ಗ್ಯಾಂಪಳನ್ನು ಮರೆಯಲಾರರು. ಕುಡಿದು ತೂರಾಡುವ, ರೋಗಿಯ ಪಾಲಿನ ಅನ್ನವನ್ನು ತಾನುಣ್ಣುವ ಆ ನರ್ಸು 1840ರ ದಶಕದ ಇಂಗ್ಲೆಂಡಿಗೆ ನಗೆಯ ವಸ್ತುವಾಗಿದ್ದಳು. ಏಕೆಂದರೆ ಬೇರೆ ಯಾವ ಕೆಲಸವೂ ಸಿಗದವಳು ಮಾತ್ರ ಆ ಕೆಲಸಕ್ಕೆ ಬರುತ್ತಾಳೆಂದು ಎಲ್ಲರೂ ಬಲ್ಲವರಾಗಿದ್ದರು. ಫ್ಲಾರೆನ್ಸ್ ನೈಟಿಂಗೇಲ್ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ತರಬೇತಿ ಶಾಲೆ ತೆರೆದಾಗ ಮಾಡಿದ ದೊಡ್ಡ ಕೆಲಸ, ನರ್ಸುಗಳಿಗೆ ಕರುಣೆಯನ್ನು ಬೋಧಿಸಿದ್ದಲ್ಲ. ಕರುಣೆಯ ಜೊತೆಗೆ ಪಾಠ, ವಸತಿ, ಸಮವಸ್ತ್ರ, ಸಂಬಳ ಇವನ್ನು ಸೇರಿಸಿದ್ದು. ದೀಪ ಹಿಡಿದ ದೇವತೆಯ ಚಿತ್ರ ನಮ್ಮ ಪಠ್ಯಪುಸ್ತಕಗಳಿಗೆ ಬಂತು. ಅಂಕಿ ಅಂಶಗಳ ಕೋಷ್ಟಕ ಹಿಡಿದು ಸರ್ಕಾರದೊಡನೆ ಜಗಳವಾಡಿದ ಆಡಳಿತಗಾರ್ತಿಯ ಚಿತ್ರ ಅಷ್ಟಾಗಿ ಬರಲಿಲ್ಲ.

ಭಾರತದಲ್ಲಿ ಈ ಮಾತನ್ನು ಮೊದಲು ಗಟ್ಟಿಯಾಗಿ ಎತ್ತಿದವರಲ್ಲಿ ನಮ್ಮ ನೆಲದವಳೇ ಒಬ್ಬಳಿದ್ದಾಳೆ. ಪಶ್ಚಿಮಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ 1882ರಲ್ಲಿ ಹಂಟರ್ ಶಿಕ್ಷಣ ಆಯೋಗದ ಮುಂದೆ ಸಾಕ್ಷ್ಯ ನುಡಿದು, ಹೆಂಗಸರಿಗೆ ವೈದ್ಯ ಶಿಕ್ಷಣದ ಬಾಗಿಲು ತೆರೆಯಬೇಕೆಂದು ಒತ್ತಾಯಿಸಿದರು. ಪುರುಷ ವೈದ್ಯರಿಗೆ ಮೈ ತೋರಿಸಲಾರದೆ ಸಾಯುತ್ತಿದ್ದ ಹೆಂಗಸರ ಪರವಾಗಿ ಆಡಿದ ಮಾತದು. ಮೂರು ವರ್ಷಗಳ ಬಳಿಕ, 1885ರಲ್ಲಿ, ವೈಸ್‌ರಾಯ್‌ನ ಪತ್ನಿ ಲೇಡಿ ಡಫರಿನ್ ಹೆಸರಿನ ನಿಧಿ ಸ್ಥಾಪನೆಯಾಯಿತು. ಹೆಂಗಸರಿಗಾಗಿ ಆಸ್ಪತ್ರೆ ಕಟ್ಟುವುದು, ವೈದ್ಯೆಯರನ್ನೂ ನರ್ಸುಗಳನ್ನೂ ಸೂಲಗಿತ್ತಿಯರನ್ನೂ ತರಬೇತುಗೊಳಿಸುವುದು ಅದರ ಗುರಿ. ದೇಶದ ಹಲವು ಊರುಗಳಲ್ಲಿ ಡಫರಿನ್ ಆಸ್ಪತ್ರೆಗಳು ಎದ್ದವು, ನಾಗಪುರದಲ್ಲಿಯೂ ಒಂದು. ಇಂದು ಅದು ಡಾಗಾ ಸ್ಮಾರಕ ಆಸ್ಪತ್ರೆ.

ಕಟ್ಟಡ ಎದ್ದಿತು, ಕಲಿಯಲು ಬರುವವರು ಯಾರು? ಮೇಲ್ಜಾತಿಯ ಮನೆಗಳು ತಮ್ಮ ಹೆಣ್ಣುಮಕ್ಕಳನ್ನು ಕಳುಹಿಸುವ ಮಾತೇ ಇರಲಿಲ್ಲ. ಬಂದವರು ಹೆಚ್ಚಾಗಿ ಯೂರೋಪಿಯನ್, ಆಂಗ್ಲೋ ಇಂಡಿಯನ್ ಮತ್ತು ಭಾರತೀಯ ಕ್ರೈಸ್ತ ಹುಡುಗಿಯರು. ಜಾತಿಯ ಕಟ್ಟಿನಿಂದ ಸ್ವಲ್ಪ ಹೊರಗೆ ನಿಂತವರಿಗೆ ಮಾತ್ರ ಆ ಬಾಗಿಲು ಬಾಗಿಲಾಗಿ ಕಂಡಿತು. 1909ರಲ್ಲಿ ಪುಣೆಯಲ್ಲಿ ರಮಾಬಾಯಿ ರಾನಡೆ ಅವರ ನೇತೃತ್ವದಲ್ಲಿ ಸೇವಾ ಸದನ ಆರಂಭವಾಗಿ, ಹಿಂದೂ ವಿಧವೆಯರನ್ನು ಸಸೂನ್ ಆಸ್ಪತ್ರೆಯ ನರ್ಸಿಂಗ್ ತರಬೇತಿಗೆ ಕಳುಹಿಸತೊಡಗಿದಾಗ ಸಂಪ್ರದಾಯಸ್ಥರು ಎಬ್ಬಿಸಿದ ಗದ್ದಲ ಸಣ್ಣದಲ್ಲ. ಪರಪುರುಷರ ಮೈ ಮುಟ್ಟುವ, ರಾತ್ರಿ ಪಾಳಿ ಮಾಡುವ ಹೆಂಗಸು ಕುಲೀನಳಾಗಿ ಉಳಿಯುವಳೆ ಎಂಬುದು ಅವರ ಪ್ರಶ್ನೆ. ಪ್ರಶ್ನೆ ಇಂದು ಅದೇ ಮಾತುಗಳಲ್ಲಿ ಬಾರದಿದ್ದರೂ, ವಧುವರರ ಜಾಹೀರಾತುಗಳಲ್ಲಿ ಅದರ ನೆರಳು ಮಾಸಿಲ್ಲ.

ಕಮಲಾಬಾಯಿ ಹುಟ್ಟಿದ್ದು 1896ರಲ್ಲಿ. ವಿಧವೆಯರಿಗಾಗಿ ಧೋಂಡೋ ಕೇಶವ ಕರ್ವೆ ಪುಣೆಯಲ್ಲಿ ಆಶ್ರಮ ಆರಂಭಿಸಿದ್ದೂ ಅದೇ ವರ್ಷ. ಬಾಲ್ಯದಲ್ಲಿ ಮದುವೆ, ಹದಿಹರೆಯದಲ್ಲಿ ವೈಧವ್ಯ; ಆ ಕಾಲದ ಸಾವಿರಾರು ಹುಡುಗಿಯರ ಹಣೆಬರಹವೇ ಇವರದೂ ಆಗಿತ್ತು. ಮುಂದಿನ ದಾರಿಯೂ ಗೊತ್ತಾದದ್ದೇ: ಯಾರದೋ ಮನೆಯ ಅಡಿಗೆ, ಯಾರದೋ ಬಾಣಂತನ, ಯಾರದೋ ಕಾಯಿಲೆ. ವಿಧವೆಯೆಂದರೆ ಮನೆಯ ಸಂಬಳವಿಲ್ಲದ ದಾದಿ. ಕಮಲಾಬಾಯಿ ಆ ದಾರಿ ಬಿಟ್ಟು ನಾಗಪುರದ ಡಫರಿನ್ ಆಸ್ಪತ್ರೆಯಲ್ಲಿ ನರ್ಸಿಂಗ್ ಮತ್ತು ಪ್ರಸೂತಿಯ ತರಬೇತಿ ಪಡೆದರು. ಅದು ಎಂಥ ಕಾಲವೆಂದು ನೆನೆಯಬೇಕು. 1918ರ ಇನ್‌ಫ್ಲುಯೆಂಜಾ ಮಾರಿಯಲ್ಲಿ ಬ್ರಿಟಿಷ್ ಭಾರತದಲ್ಲಿಯೇ ಅತಿ ಹೆಚ್ಚು ಸಾವು ಕಂಡ ಪ್ರಾಂತಗಳಲ್ಲಿ ನಾಗಪುರ ರಾಜಧಾನಿಯಾಗಿದ್ದ ಮಧ್ಯಪ್ರಾಂತ ಒಂದು. 1920ರ ಡಿಸೆಂಬರಿನಲ್ಲಿ ಇದೇ ನಗರದಲ್ಲಿ ಕಾಂಗ್ರೆಸ್ ಅಧಿವೇಶನ ನಡೆದು ಅಸಹಕಾರ ಚಳವಳಿಗೆ ಮುದ್ರೆ ಬಿತ್ತು. ಸಾವನ್ನೂ ಸ್ವರಾಜ್ಯದ ಮಾತನ್ನೂ ಒಟ್ಟಿಗೆ ಕಂಡ ಊರಿನಲ್ಲಿ, ಮರುವರ್ಷ, ಇಬ್ಬರು ಹೆಂಗಸರು ಬಾಡಿಗೆಗೆ ಭಾಷಣಪೀಠ ಹುಡುಕಲಿಲ್ಲ. ಹೆರಿಗೆಗೆ ಜಾಗ ಹುಡುಕಿದರು.

ಮಾತೃ ಸೇವಾ ಸಂಘ ಮುಂದೆ ವಿದರ್ಭದಲ್ಲಿಯೂ ಇಂದಿನ ಮಧ್ಯಪ್ರದೇಶದ ಭಾಗದಲ್ಲಿಯೂ ಶಾಖೆಗಳನ್ನು ಚಾಚಿತು. ಹೆರಿಗೆಮನೆಯ ಜೊತೆಗೆ ಸೂಲಗಿತ್ತಿಯರ, ನರ್ಸುಗಳ ತರಬೇತಿ, ಬುದ್ಧಿಮಾಂದ್ಯ ಮಕ್ಕಳ ಶಾಲೆ, 'ಪಂಚವಟಿ' ಎಂಬ ವೃದ್ಧಾಶ್ರಮ, 1958ರಲ್ಲಿ ಸಮಾಜಕಾರ್ಯವನ್ನು ಪದವಿಯಾಗಿ ಕಲಿಸುವ ಸಂಸ್ಥೆ: ತೊಟ್ಟಿಲಿನಿಂದ ಊರುಗೋಲಿನವರೆಗಿನ ಆರೈಕೆಯ ಎಲ್ಲ ಘಟ್ಟಗಳೂ ಒಂದೇ ಸೂರಿನಡಿ ಬಂದವು. 1961ರಲ್ಲಿ ಕಮಲಾಬಾಯಿಗೆ ಪದ್ಮಶ್ರೀ ಬಂತು; 1981ರಲ್ಲಿ ಅವರು ತೀರಿಕೊಂಡರು.

ಈ ಜೀವನವನ್ನು ತ್ಯಾಗದ ಕಥೆಯಾಗಿ ಹೇಳುವುದು ವಾಡಿಕೆ. ಹೇಳಬಹುದು, ಸುಳ್ಳಲ್ಲ. ಆದರೆ ನನಗೆ ಅದರಲ್ಲಿ ಬೇರೊಂದು ಅಂಶ ಮುಖ್ಯವಾಗಿ ಕಾಣುತ್ತದೆ. ಮನೆಯಲ್ಲಿ ಉಳಿದಿದ್ದರೂ ಆಕೆ ಬಾಣಂತಿಯರನ್ನು ನೋಡಿಕೊಳ್ಳುತ್ತಲೇ ಇರುತ್ತಿದ್ದರು. ಆಸ್ಪತ್ರೆಗೆ ಬಂದು ಮಾಡಿದ್ದೂ ಅದನ್ನೇ. ಕೆಲಸ ಒಂದೇ. ಮನೆಯಲ್ಲಿ ಅದು ಸೆರೆ, ಆಸ್ಪತ್ರೆಯಲ್ಲಿ ಬಿಡುಗಡೆ. ಈ ವ್ಯತ್ಯಾಸವನ್ನು ತಂದದ್ದು ಯಾವುದು? ಕರುಣೆಯ ಪ್ರಮಾಣವಂತೂ ಅಲ್ಲ. ತರಬೇತಿ, ಪ್ರಮಾಣಪತ್ರ, ತನ್ನದೆನ್ನುವ ದುಡಿಮೆ, ಜೊತೆಗಾತಿಯರ ಬಳಗ, ತೀರ್ಮಾನ ತೆಗೆದುಕೊಳ್ಳುವ ಅಧಿಕಾರ, ಇವು ತಂದವು. 'ಸೇವೆ' ಎಂಬ ಮಾತನ್ನು ಸಂಘದ ಹೆಸರಿನಲ್ಲಿಯೇ ಇಟ್ಟುಕೊಂಡ ಆ ಹೆಂಗಸರು ಸೇವೆಯನ್ನು ಕಸುಬಾಗಿಸಿದರು, ಕಸುಬನ್ನು ಸಂಸ್ಥೆಯಾಗಿಸಿದರು. ಆ ಕಾಲದ ಎಳೆಯ ವಿಧವೆಯರು ಈ ಕೆಲಸಕ್ಕೆ ಬಂದದ್ದು ಅವರಲ್ಲಿ ನಮ್ಮ ಮಕ್ಕಳಿಗಿಂತ ಹೆಚ್ಚು ಸೇವಾಭಾವ ತುಂಬಿತ್ತೆಂದಲ್ಲ. ಮುಚ್ಚಿದ ಮನೆಯಿಂದ ಹೊರಬರಲು ಅವರಿಗಿದ್ದ ಬಾಗಿಲುಗಳು ಎರಡೇ, ಶಾಲೆ ಮತ್ತು ಆಸ್ಪತ್ರೆ. ಇಂದಿನ ಹುಡುಗಿಗೆ ಬಾಗಿಲುಗಳು ಇಪ್ಪತ್ತಿವೆ. ಅವುಗಳಲ್ಲಿ ಆಸ್ಪತ್ರೆಯ ಬಾಗಿಲನ್ನು ಅವಳು ತಟ್ಟಬೇಕಾದರೆ ಅದರ ಹಿಂದೆ ಏನಿದೆಯೆಂದು ಕೇಳುವ ಹಕ್ಕೂ ಅವಳಿಗಿದೆ.

ಇಲ್ಲಿ ಒಂದು ಆಕ್ಷೇಪ ಬರಬಹುದು: ಆಯ್ಕೆಯಿದ್ದೂ ಆರೈಕೆಯನ್ನು ಅಪ್ಪಿಕೊಂಡವರು ಇಲ್ಲವೆ? ಇದ್ದಾರೆ, ಅದೂ ನಾಗಪುರದ ಪಕ್ಕದಲ್ಲಿಯೇ. ಬಾಲ್ಯದಲ್ಲಿ ಶ್ರವಣನ ನಾಟಕ ಓದಿ ಮನಸೋತ ಗಾಂಧೀಜಿ ಹದಿನಾರರ ಹರೆಯದಲ್ಲಿ ಕಾಯಿಲೆಯ ತಂದೆಯ ಗಾಯ ಕಟ್ಟುತ್ತಿದ್ದರು, ಕಾಲೊತ್ತುತ್ತಿದ್ದರು. ದಕ್ಷಿಣ ಆಫ್ರಿಕಾದಲ್ಲಿ ವಕೀಲಿಕೆಯ ನಡುವೆ ಬಿಡುವು ಮಾಡಿಕೊಂಡು ಸಣ್ಣ ಧರ್ಮಾಸ್ಪತ್ರೆಯೊಂದರಲ್ಲಿ ಕೆಲಸ ಮಾಡಿದರು. ಕೊನೆಯ ಮಗನ ಹೆರಿಗೆಯನ್ನು ತಾವೇ ನೋಡಿಕೊಂಡರು. ಸೇವಾಗ್ರಾಮದಲ್ಲಿ ಕುಷ್ಠರೋಗಿಯಾದ ಸಂಸ್ಕೃತ ವಿದ್ವಾಂಸ ಪರಚುರೆ ಶಾಸ್ತ್ರಿಗಳ ಮೈಯನ್ನು ತಾವೇ ತಿಕ್ಕುತ್ತಿದ್ದರು. ವರ್ಧಾದ ಬಳಿಯ ದತ್ತಾಪುರದಲ್ಲಿ ಮನೋಹರ ದಿವಾಣ 1936ರಲ್ಲಿ ಕುಷ್ಠಧಾಮ ಕಟ್ಟಿದರು. ವರೋರಾದ ಆನಂದವನದಲ್ಲಿ ಬಾಬಾ ಆಮ್ಟೆ ವಕೀಲಿಕೆಯನ್ನು ಬಿಟ್ಟು ಅದೇ ಹಾದಿ ಹಿಡಿದರು. ವಿದರ್ಭದ ಈ ಪರಂಪರೆ ದೊಡ್ಡದು; ಗಂಡಸೂ ಆರೈಕೆ ಮಾಡಬಲ್ಲ, ಮಾಡಬೇಕು ಎಂಬುದನ್ನು ಅದು ತೋರಿಸಿತು. ಆದರೆ ಅದೇ ಪರಂಪರೆ, ತನಗರಿವಿಲ್ಲದಂತೆ, ಆರೈಕೆಯನ್ನು ಮಹಾತ್ಮರ ಕೆಲಸವನ್ನಾಗಿಯೂ ಮಾಡಿತು. ಮಹಾತ್ಮ ಗಾಯ ತೊಳೆದರೆ ಅದು ಛಾಯಾಚಿತ್ರ. ವಾರ್ಡಿನ ಆಯಾ ತೊಳೆದರೆ ಅದು ಡ್ಯೂಟಿ. ಮಹಾತ್ಮ ಸಂಬಳ ಕೇಳುವುದಿಲ್ಲ. ಆಯಾ ಕೇಳಿದರೆ 'ಸೇವೆಗೂ ಬೆಲೆ ಕಟ್ಟುತ್ತಾಳೆ' ಎಂಬ ಮೂದಲಿಕೆ.

ಈ ಮೂದಲಿಕೆಯ ಬೆಲೆಯೇನೆಂಬುದು ಸ್ವಾತಂತ್ರ್ಯದ ಹೊಸ್ತಿಲಲ್ಲಿಯೇ ಲೆಕ್ಕಕ್ಕೆ ಸಿಕ್ಕಿತ್ತು. 1946ರ ಭೋರ್ ಸಮಿತಿಯ ವರದಿಯ ಪ್ರಕಾರ ಬ್ರಿಟಿಷ್ ಭಾರತದಲ್ಲಿದ್ದ ನರ್ಸುಗಳು ಸುಮಾರು 7,000. ಎಂದರೆ 43,000 ಜನರಿಗೆ ಒಬ್ಬರು. ಅದೇ ವೇಳೆಗೆ ವೈದ್ಯರು 6,300 ಜನರಿಗೆ ಒಬ್ಬರಂತೆ ಇದ್ದರು. ಒಬ್ಬ ವೈದ್ಯನಿಗೆ ಹಲವು ನರ್ಸುಗಳಿರಬೇಕಾದಲ್ಲಿ ಏಳು ವೈದ್ಯರಿಗೆ ಒಬ್ಬ ನರ್ಸು! ವೈದ್ಯನಾಗಲು ಹಾತೊರೆಯುವ, ನರ್ಸಾಗಲು ಹಿಂಜರಿಯುವ ಮನಸ್ಸು ಇಂದಿನ ಹುಡುಗರದಲ್ಲ. ಅದು ಅಜ್ಜನ ಕಾಲದಿಂದ ಬಂದ ಆಸ್ತಿ. ಅದೇ 1946ರಲ್ಲಿ ದೆಹಲಿಯಲ್ಲಿಯೂ ವೆಲ್ಲೂರಿನಲ್ಲಿಯೂ ನರ್ಸಿಂಗ್ ಪದವಿ ಶಿಕ್ಷಣ ಆರಂಭವಾಯಿತು. 1947ರಲ್ಲಿ ಭಾರತೀಯ ನರ್ಸಿಂಗ್ ಪರಿಷತ್ತಿನ ಕಾಯಿದೆ ಬಂತು. ಕಸುಬಿಗೆ ಚೌಕಟ್ಟು ಸಿಕ್ಕಿತು, ಮರ್ಯಾದೆ ನಿಧಾನವಾಗಿ ನಡೆದು ಬರುತ್ತಿದೆ.

ಚೌಕಟ್ಟನ್ನು ಚೆನ್ನಾಗಿ ಬಳಸಿಕೊಂಡವರು ಕೇರಳದ ಹುಡುಗಿಯರು. 1960ರ ದಶಕದಲ್ಲಿಯೇ ಅವರು ಚರ್ಚಿನ ಮೂಲಕ ಪಶ್ಚಿಮ ಜರ್ಮನಿಯ ಆಸ್ಪತ್ರೆಗಳಿಗೆ ಹೋದರು, ಬಳಿಕ ಕೊಲ್ಲಿ ದೇಶಗಳಿಗೆ. ಬೆಂಗಳೂರು, ಮಂಗಳೂರುಗಳ ನರ್ಸಿಂಗ್ ಕಾಲೇಜುಗಳ ಬೆಂಚುಗಳು ದಶಕಗಳ ಕಾಲ ಅವರಿಂದ ತುಂಬಿದ್ದವು. ನಮ್ಮ ಊರಿನ ಕಾಲೇಜು, ನಮ್ಮ ಊರಿನ ಆಸ್ಪತ್ರೆ. ಕಲಿಯುವವರು ಮಾತ್ರ ಮಲಯಾಳಿಗಳು, ಇತ್ತೀಚೆಗೆ ಈಶಾನ್ಯದವರೂ. ಕನ್ನಡದ ಮಧ್ಯಮವರ್ಗ ಆ ಬಾಗಿಲನ್ನು ಕಂಡೂ ಕಾಣದಂತೆ ದಾಟಿ ಎಂಜಿನಿಯರಿಂಗ್ ಕಾಲೇಜಿನತ್ತ ನಡೆಯಿತು. ಕೇರಳದ ಹುಡುಗಿಯರಿಗೆ ಸೇವಾಭಾವ ಹೆಚ್ಚೆಂದು ನಾವು ಹೊಗಳುವುದುಂಟು. ಅವರಿಗೆ ಕಂಡದ್ದು ಮನೆಯ ಸಾಲ ತೀರಿಸುವ, ತಂಗಿಯನ್ನು ಓದಿಸುವ, ಲೋಕವನ್ನು ನೋಡುವ ದಾರಿ. ಕಮಲಾಬಾಯಿಗೆ ಕಂಡಂತೆಯೇ ಅವರಿಗೂ ಆರೈಕೆಯ ಕಸುಬು ಬಿಡುಗಡೆಯಾಗಿ ಕಂಡಿತು. ಇದರಲ್ಲಿ ಕರುಣೆಗೆ ಕುಂದೇನೂ ಬರುವುದಿಲ್ಲ.

ಇನ್ನೊಂದು ತುದಿಯಲ್ಲಿ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ. 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಕಾಸು ಪಡೆಯದೆ ಮಾಡಿಸಿದ ಆ ಅಜ್ಜಿಗೆ ತುಮಕೂರು ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್, 2018ರಲ್ಲಿ ಪದ್ಮಶ್ರೀ ಸಂದವು. ಅದೇ ವರ್ಷದ ಕೊನೆಯಲ್ಲಿ ಅವರು ಕಣ್ಮುಚ್ಚಿದರು. ನಾಡು ಅವರನ್ನು ಕೈಮುಗಿದು ಬೀಳ್ಕೊಟ್ಟಿತು, ಅದು ಸರಿಯೇ. ಆದರೆ ಇಂದು ಅವರಂತೆಯೇ ಮನೆಮನೆ ತಿರುಗಿ ಗರ್ಭಿಣಿಯರನ್ನು ನೋಡಿಕೊಳ್ಳುವ ಆಶಾ ಕಾರ್ಯಕರ್ತೆಯರು, 2005ರಿಂದ, ಸರ್ಕಾರದ ಕಡತದಲ್ಲಿ 'ಸ್ವಯಂಸೇವಕಿ'ಯರು. ಅವರಿಗೆ ಸಿಗುವುದು ಗೌರವಧನ, ಪ್ರೋತ್ಸಾಹಧನ, ಸಂಬಳವಲ್ಲ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವರನ್ನು ಜಾಗತಿಕ ಪ್ರಶಸ್ತಿಯಿಂದ ಗೌರವಿಸಿತು. ಆ ಬಳಿಕವೂ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕೂತು ಖಚಿತ ವರಮಾನಕ್ಕಾಗಿ ಧರಣಿ ಮಾಡಬೇಕಾಯಿತು. ಸೂಲಗಿತ್ತಿಗೆ ಹಳೆಯ ಸೀರೆ ಕೊಟ್ಟ ಕೈ ಇದೇ ಅಲ್ಲವೆ? ಖಾಸಗಿ ಆಸ್ಪತ್ರೆಗಳ ನರ್ಸುಗಳ ಪಾಡೂ ಬೇರೆಯಲ್ಲ. ಸುಪ್ರೀಂ ಕೋರ್ಟಿನ 2016ರ ಆದೇಶದ ಮೇರೆಗೆ ರಚನೆಯಾದ ಸಮಿತಿ, ಐವತ್ತಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಗಳಲ್ಲಿಯೂ ತಿಂಗಳ ಸಂಬಳ 20,000 ರೂಪಾಯಿಗೆ ಕಡಿಮೆಯಿರಬಾರದೆಂದು ಶಿಫಾರಸು ಮಾಡಬೇಕಾಯಿತು. ಶಿಫಾರಸು ಬೇಕಾಯಿತೆಂಬುದೇ ಆಗಿನ ಸ್ಥಿತಿಯನ್ನು ಹೇಳುತ್ತದೆ.

ಸರ್ಕಾರ ಏನೂ ಮಾಡಿಲ್ಲವೆಂದಲ್ಲ. ಕೇಂದ್ರದ ಆಸ್ಪತ್ರೆಗಳಲ್ಲಿ 'ಸ್ಟಾಫ್ ನರ್ಸ್' 2016ರಲ್ಲಿ 'ನರ್ಸಿಂಗ್ ಆಫೀಸರ್' ಆದಳು. ಸಂಬಳವೂ ಘನತೆಯೂ ಇರುವಲ್ಲಿ ಆ ಹುದ್ದೆಗಳಿಗೆ ಹುಡುಗ ಹುಡುಗಿಯರು ಮುಗಿಬೀಳುತ್ತಾರೆ. ಹಾಗಾದರೆ ಸೇವಾಭಾವ ಎಲ್ಲಿಯೂ ಸತ್ತಿಲ್ಲವಲ್ಲ! ನಮ್ಮಂಥ ನೌಕರರಿಗೂ 2008ರಿಂದ ಶಿಶುಪಾಲನಾ ರಜೆ ಬಂದಿದೆ: ಇಡೀ ಸೇವಾವಧಿಯಲ್ಲಿ 730 ದಿನಗಳು. ಮೊದಲು ಅದು ಹೆಂಗಸರಿಗೆ ಮಾತ್ರ. 2018ರಲ್ಲಿ ಒಂಟಿ ತಂದೆಯರಿಗೂ ಸಿಕ್ಕಿತು. ಹೆಂಡತಿಯಿರುವ ಗಂಡಸು ಮಗುವಿನ ಪಾಲನೆಗೆ ರಜೆ ಕೇಳಬೇಕಾದ ಸಂದರ್ಭವನ್ನು ನಿಯಮ ಕಲ್ಪಿಸಿಕೊಂಡಿಲ್ಲ. ಹಾಸಿಗೆ ಹಿಡಿದ ತಾಯಿಗಾಗಿ ಅಂಥ ಪ್ರತ್ಯೇಕ ರಜೆ ಯಾರಿಗೂ ಇಲ್ಲ. ಇದ್ದ ಗಳಿಕೆ ರಜೆಯಲ್ಲಿಯೇ ಎಲ್ಲ ಮುಗಿಯಬೇಕು. 2019ರ ರಾಷ್ಟ್ರೀಯ ಕಾಲಬಳಕೆ ಸಮೀಕ್ಷೆ ಹೇಳುವಂತೆ, ಮನೆಯವರ ಆರೈಕೆಯಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 134 ನಿಮಿಷಗಳನ್ನು ಅದಕ್ಕೆ ಕೊಡುತ್ತಾರೆ, ಗಂಡಸರು 76 ನಿಮಿಷಗಳನ್ನು. ತೊಡಗುವ ಗಂಡಸರ ಸಂಖ್ಯೆಯೇ ಹೆಂಗಸರ ಅರ್ಧದಷ್ಟು. ಮನೆಯಲ್ಲಿ ಅಪ್ಪ ಎಂದೂ ಅಜ್ಜನ ಹಾಸಿಗೆ ಬದಲಿಸುವುದನ್ನು ಕಾಣದ ಹುಡುಗ, ಆ ಕೆಲಸವನ್ನು ಜೀವನೋಪಾಯವಾಗಿ ಆರಿಸಿಕೊಳ್ಳಲಿ ಎಂದು ಬಯಸುವುದು ಹೇಗೆ?

2020ರ ಕೋವಿಡ್ ದಿನಗಳು ನಮ್ಮ ಮನಸ್ಸಿನ ಎರಡೂ ಮುಖಗಳನ್ನು ಒಂದೇ ತಿಂಗಳಲ್ಲಿ ತೋರಿಸಿಬಿಟ್ಟವು. ಮಾರ್ಚಿನಲ್ಲಿ ನರ್ಸುಗಳಿಗಾಗಿ ತಟ್ಟೆ ಬಡಿದೆವು. ಏಪ್ರಿಲಿನಲ್ಲಿ ಅವರನ್ನು ಬಾಡಿಗೆಮನೆಯಿಂದ ಹೊರಹಾಕುವ, ಅವರ ಮೇಲೆ ಕೈಮಾಡುವ ಸುದ್ದಿಗಳು ಬಂದು, ಅವರ ರಕ್ಷಣೆಗೆ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಪೂಜೆ ಮತ್ತು ಮೈಲಿಗೆ ಒಂದೇ ನಾಣ್ಯದ ಎರಡು ಮುಖಗಳು. ಎರಡರಲ್ಲಿಯೂ ಎದುರಿಗಿರುವವಳು ನಮ್ಮಂತೆಯೇ ಬಾಡಿಗೆ ಕಟ್ಟುವ, ದಣಿಯುವ, ಬಡ್ತಿ ಬಯಸುವ ಮನುಷ್ಯಳೆಂಬ ಅರಿವಿಲ್ಲ. ಎಳೆಯರು ಇದನ್ನು ಕಂಡಿದ್ದಾರೆ. ಅವರು ಈ ಕಸುಬಿನತ್ತ ಅಳುಕುತ್ತಾ ನೋಡಿದರೆ ಅದಕ್ಕೆ ಹೃದಯದ ಬರ ಕಾರಣವೆನ್ನುವುದು ಸುಲಭದ ಮಾತು. ಅದರ ಹಿಂದೆ ಕಣ್ಣಾರೆ ಕಂಡ ಲೆಕ್ಕಾಚಾರವಿದೆ.

ಆದ್ದರಿಂದ ಇತಿಹಾಸ ಹೇಳುವ ಪಾಠ ಸರಳವಾಗಿದೆ. ಆರೈಕೆಯ ಕೆಲಸಕ್ಕೆ ಜನ ಬಂದದ್ದು ಉಪದೇಶದಿಂದಲ್ಲ. ಬೇರೆ ದಾರಿಯಿಲ್ಲದಾಗ ಬಂದರು, ಇಲ್ಲವೆ ಆ ದಾರಿಯೇ ಘನವಾದಾಗ ಬಂದರು. ಮೊದಲನೆಯ ಕಾಲ ಮುಗಿಯುತ್ತಿದೆ. ಬಾಲವಿಧವೆಯರಿಲ್ಲ, ಮನೆಯಲ್ಲಿ ಬಿದ್ದಿರುವ ಅತ್ತೆ ಚಿಕ್ಕಮ್ಮಂದಿರಿಲ್ಲ. ಹೆಣ್ಣುಮಕ್ಕಳು ಓದಿ ಊರು ಬಿಟ್ಟಿದ್ದಾರೆ. ಇದನ್ನು ಕೊರತೆಯೆಂದು ಅಳುವ ಮೊದಲು, ಒಂದು ಹಳೆಯ ಅನ್ಯಾಯ ತೀರುತ್ತಿದೆಯೆಂದು ಒಪ್ಪಿಕೊಳ್ಳುವುದು ನ್ಯಾಯ. ಉಳಿದಿರುವುದು ಎರಡನೆಯ ದಾರಿ: ಆರೈಕೆಯನ್ನು ಕಲಿತು ಮಾಡುವ, ಕೂಲಿ ಪಡೆದು ಮಾಡುವ, ಗಂಡು ಹೆಣ್ಣು ಇಬ್ಬರೂ ತಲೆಯೆತ್ತಿ ಮಾಡುವ ಕಸುಬನ್ನಾಗಿಸುವುದು. ಆಯಾ ಆಗಿ ಬಂದ ಗಡಚಿರೋಲಿಯ ಹುಡುಗಿಗೆ ನರ್ಸಾಗುವ ಏಣಿ ಇರಬೇಕು. ಮುದುಕರನ್ನು ಎತ್ತಿ ಕೂರಿಸುವುದಕ್ಕೂ ಒಂದು ವಿದ್ಯೆಯಿದೆಯೆಂದು ಒಪ್ಪಿ ಅದನ್ನು ಕಲಿಸಬೇಕು. ಇದಕ್ಕೆ ಬೇಕಾದ ಹಣವನ್ನು ಯಾರು ಕೊಡಬೇಕೆಂಬುದು ಕಠಿಣ ಪ್ರಶ್ನೆಯೇ. ಆದರೆ ಇಷ್ಟು ಕಾಲ ಆ ಹಣವನ್ನು ಕೊಡುತ್ತಿದ್ದವರು ಯಾರೆಂಬುದು ಗೊತ್ತಿದೆ. ಸಂಬಳವಿಲ್ಲದ ವಿಧವೆ, ಸಂಬಳವಿಲ್ಲದ ಸೊಸೆ, ಹಳೆಯ ಸೀರೆ ಪಡೆದ ಸೂಲಗಿತ್ತಿ ಅದನ್ನು ತಮ್ಮ ಆಯುಷ್ಯದಿಂದ ಕೊಟ್ಟರು.

ನೂರು ವರ್ಷಗಳ ಹಿಂದೆ ಸೀತಾಬರ್ಡಿಯಲ್ಲಿ ಇಬ್ಬರು ಹೆಂಗಸರು ಆ ಲೆಕ್ಕವನ್ನು ಬದಲಿಸಲು ಹೊರಟಿದ್ದರು. ಅವರು ಕಟ್ಟಿದ ಮನೆಯಲ್ಲಿ ಹುಟ್ಟಿದವರ ಮೊಮ್ಮಕ್ಕಳಿಗೆ ನಾವು ಸೇವೆಯ ಹಿರಿಮೆಯನ್ನು ಹೇಳುವ ಮೊದಲು, ಆ ಕಸುಬಿನ ಸಂಬಳದ ಚೀಟಿಯನ್ನೂ ಮುಂದಿಡುವ ಪ್ರಾಮಾಣಿಕತೆ ತೋರಬೇಕು. ಅದನ್ನು ನೋಡಿಯೂ ಬರುವವರು ಇದ್ದಾರೆ. ನೋಡಬಹುದಾದ ಚೀಟಿಯಾಗಿದ್ದರೆ ಇನ್ನೂ ಹೆಚ್ಚು ಜನ ಬಂದಾರು.